ಅಮ್ಮನ ಮಂಡಿ ಆಪರೇಷನ್: ಡಾಕ್ಟರಿಗೆ ಐದು ಸ್ಟಾರ್, ಡಿಸ್ಚಾರ್ಜ್ ಆದಮೇಲಿನ ವ್ಯವಸ್ಥೆಗೆ ಎರಡೇ

ಅಮ್ಮನ ಎಡಗಾಲಿನ ಮಂಡಿ ಬದಲಿಸುವ ಆಪರೇಷನ್ ಆಗಿ ಐದು ತಿಂಗಳಾಯಿತು. ಅವಳಿಗೆ 68 ವರ್ಷ. ಊರು ತಿಪಟೂರು. ಆಪರೇಷನ್ ಮಾಡಿಸಿದ್ದು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಆಮೇಲೆ ಎರಡೂವರೆ ತಿಂಗಳು ನಮ್ಮನೆಯಲ್ಲೇ ಇದ್ದಳು. ಆಸ್ಪತ್ರೆಯ ಹೆಸರು ಬರೆಯುತ್ತಿಲ್ಲ. ಬೇರೆ ಬೇರೆ ಕಡೆ ಮಾಡಿಸಿಕೊಂಡ ಮೂರು ನಾಲ್ಕು ಮನೆಯವರನ್ನು ಮಾತಾಡಿಸಿದೆ, ಎಲ್ಲರೂ ಹೇಳಿದ್ದು ಹೆಚ್ಚುಕಡಿಮೆ ಒಂದೇ ಕಥೆ. ನಿಮ್ಮನೆಯಲ್ಲೂ ಯಾರಿಗಾದರೂ ಮಂಡಿ ಸವೆದು, ಮಾಡಿಸೋದಾ ಬೇಡವಾ ಅಂತ ದಿನ ತಳ್ಳುತ್ತಾ ಇದ್ದರೆ ಇದನ್ನು ಪೂರ್ತಿ ಓದಿ.

ನಾವು ಮೂರು ವರ್ಷ ತಳ್ಳಿದೆವು. ಎಣ್ಣೆ ತಿಕ್ಕಿದ್ದಾಯಿತು, ಮಂಡಿಗೆ ಪಟ್ಟಿ ಹಾಕಿದ್ದಾಯಿತು, ಎರಡು ಸಲ ಇಂಜೆಕ್ಷನ್ ಕೊಡಿಸಿದ್ದೂ ಆಯಿತು. ಕೊನೆಕೊನೆಗೆ ಅಮ್ಮ ಮೆಟ್ಟಿಲನ್ನು ಅಡ್ಡಡ್ಡ ತಿರುಗಿಕೊಂಡು, ಕಂಬಿ ಹಿಡಿದು ಇಳಿಯುತ್ತಿದ್ದಳು. ರಾತ್ರಿ ಮಗ್ಗುಲು ಬದಲಾಯಿಸುವಾಗ ಎಚ್ಚರ ಆಗುತ್ತಿತ್ತು. ಡಾಕ್ಟರ್ ಎಕ್ಸ್‌ರೇ ನೋಡುವ ಮೊದಲೇ ಕೇಳಿದ್ದು ಅದನ್ನೇ. "ನಿದ್ದೆ ಬರುತ್ತಾಮ್ಮಾ? ಮಾತ್ರೆ ಇಲ್ಲದೆ ಎಷ್ಟು ದೂರ ನಡೀತೀರಿ?" ಎಕ್ಸ್‌ರೇ ಒಂದನ್ನೇ ನೋಡಿ ಆಪರೇಷನ್ ಅಂದುಬಿಡುವವರಿಗಿಂತ ಹೀಗೆ ಕೇಳುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಮಂಡಿಯನ್ನೇ ಪೂರ್ತಿ ಕಿತ್ತು ಬೇರೆ ಹಾಕುತ್ತಾರೆ ಅಂತ ಅಮ್ಮ ಹೆದರಿದ್ದಳು. ಡಾಕ್ಟರ್ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಮೂಳೆಗಳನ್ನು ಅವಳ ಕೈಗೇ ಕೊಟ್ಟು ತೋರಿಸಿದರು. ತೊಡೆ ಮೂಳೆಯ ತುದಿ, ಅದರ ಕೆಳಗಿನ ಮೂಳೆಯ ತಲೆ, ಎರಡರಲ್ಲೂ ಸವೆದ ಭಾಗವನ್ನು ಒಂದು ಸೆಂಟಿಮೀಟರ್ ಆಸುಪಾಸು ಕತ್ತರಿಸಿ ತೆಗೆದು ಲೋಹದ ಕವಚ ಕೂರಿಸುತ್ತಾರೆ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ. "ಲೋಹ ನಾವು ಹಾಕ್ತೀವಿ, ಅದನ್ನ ಆಡಿಸೋ ತೊಡೆ ಶಕ್ತಿ ನಿಮ್ಮದೇ" ಅಂದರು. ಆ ಮಾತಿನ ಅರ್ಥ ನಮಗೆ ಆಗ ಆಗಲಿಲ್ಲ.

ಇನ್ನು ದುಡ್ಡಿನ ವಿಷಯ. ಮಂಡಿಗೆ ಕೂರಿಸುವ ಆ ಲೋಹ, ಪ್ಲಾಸ್ಟಿಕ್‌ಗೆ ಇಂಪ್ಲಾಂಟ್ ಅನ್ನುತ್ತಾರೆ, ಅದರ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿದೆ. ಎಲ್ಲರಿಗೂ ಸಾಮಾನ್ಯವಾಗಿ ಹಾಕುವ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟ್‌ಗೆ ಆಗ ನಿಗದಿಯಾದದ್ದು 54,720 ರೂಪಾಯಿ, ಜಿಎಸ್‌ಟಿ ಬೇರೆ. ಅದಕ್ಕೆ ಮುಂಚೆ ಒಂದೂವರೆ ಲಕ್ಷದ ಮೇಲೂ ತೆಗೆದುಕೊಳ್ಳುತ್ತಿದ್ದರು. ಹಾಗಾಗಿ ಬಿಲ್ಲಿನಲ್ಲಿ ಇಂಪ್ಲಾಂಟ್ ಬೆಲೆ ಬೇರೆಯಾಗಿ ತೋರಿಸಿ ಅಂತ ಕೇಳಿ, ಕೇಳೋದಕ್ಕೆ ಸಂಕೋಚ ಬೇಡ. ಇಂಪ್ಲಾಂಟ್ ಡಬ್ಬಿಯ ಸ್ಟಿಕ್ಕರ್‌ಗಳನ್ನು ಫೈಲಿನಲ್ಲಿ ಅಂಟಿಸಿರುತ್ತಾರೆ, ಅದನ್ನು ಜೋಪಾನವಾಗಿ ಇಡಿ. ಮುಂದೆ ಯಾವತ್ತಾದರೂ ಆ ಮಂಡಿ ಮತ್ತೆ ತೆರೆಯಬೇಕಾಗಿ ಬಂದರೆ ಒಳಗೆ ಯಾವ ಕಂಪನಿಯದು, ಯಾವ ಅಳತೆಯದು ಇದೆ ಅಂತ ಗೊತ್ತಾಗೋದು ಅದರಿಂದಲೇ. ನಮಗೆ ಹೇಳಿದ ಪ್ಯಾಕೇಜ್ ಎರಡು ಲಕ್ಷ ನಲವತ್ತು ಸಾವಿರ, ಕೊನೆಗೆ ಕಟ್ಟಿದ್ದು ಎರಡು ಲಕ್ಷ ಎಂಬತ್ತೆರಡು ಸಾವಿರ. ಔಷಧಿ, ವಾಕರ್, ಒಂದು ದಿನ ಜಾಸ್ತಿ ಉಳಿದದ್ದು, ಎಲ್ಲ ಸೇರಿ. ಇನ್ಶೂರೆನ್ಸ್ ಇದ್ದರೆ ಮಂಡಿ ಆಪರೇಷನ್‌ಗೆ ಎಷ್ಟು ವರ್ಷ ಕಾಯಬೇಕು ಅಂತ ಪಾಲಿಸಿಯಲ್ಲಿ ಮೊದಲೇ ನೋಡಿಕೊಳ್ಳಿ.

ರೋಬೋಟ್‌ನಲ್ಲಿ ಮಾಡಿಸಿ ಅಂತಲೂ ಕೌಂಟರಿನಲ್ಲಿ ಹೇಳಿದರು, ಅದಕ್ಕೆ ಬೇರೆ ದುಡ್ಡು. ನಾವು ಬೇಡ ಅಂದೆವು. ಮೂಳೆಯನ್ನು ಅಳತೆಗೆ ಸರಿಯಾಗಿ ಕತ್ತರಿಸಲು ಅದು ನೆರವಾಗುತ್ತದೆ, ಆದರೆ ಆಪರೇಷನ್ ಮಾಡುವುದು ಆ ಡಾಕ್ಟರೇ ಅಲ್ವಾ? ಅವರು ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತಾರೆ ಅಂತ ಕೇಳಿದೆವು, ಅವರು ಕೊಟ್ಟ ಉತ್ತರ ನಮಗೆ ಸಾಕಾಯಿತು. ಜಾಹೀರಾತಿನಲ್ಲಿ ಬರುವ ಚಿನ್ನದ ಬಣ್ಣದ ಮಂಡಿಯ ಬಗ್ಗೆಯೂ ವಿಚಾರಿಸಿದ್ದೆ. ಅದು ಚಿನ್ನ ಅಲ್ಲ, ಲೋಹದ ಮೇಲೆ ಟೈಟಾನಿಯಂ ನೈಟ್ರೈಡ್ ಲೇಪ. ಮುಖ್ಯವಾಗಿ ಲೋಹದ ಅಲರ್ಜಿ ಇರುವವರಿಗೆ ಅಂತ ಬಂದದ್ದು. ಬಾಳಿಕೆ ಬಗ್ಗೆ ಹೇಳಬೇಕಂದರೆ, 2019ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ ನೂರಕ್ಕೆ ಸುಮಾರು 82 ಮಂಡಿಗಳು 25 ವರ್ಷ ಬಾಳಿವೆ. ಅಮ್ಮನ ವಯಸ್ಸಿಗೆ ಅಷ್ಟು ಸಾಕು.

ಎರಡೂ ಮಂಡಿ ಸವೆದಿದ್ದವು. ಒಟ್ಟಿಗೇ ಮಾಡಿಸೋಣ ಅಂತ ನನ್ನ ತಮ್ಮ ಅಂದ. ಅಮ್ಮನಿಗೆ ಬಿಪಿ, ಸಕ್ಕರೆ ಎರಡೂ ಇರೋದರಿಂದ ಡಾಕ್ಟರ್ ಒಪ್ಪಲಿಲ್ಲ, ಒಂದೊಂದೇ ಮಾಡೋಣ ಅಂದರು. ವಾಜಪೇಯಿ ಅವರೂ ಪ್ರಧಾನಿಯಾಗಿದ್ದಾಗ 2000ದಲ್ಲಿ ಒಂದು, 2001ರಲ್ಲಿ ಇನ್ನೊಂದು ಅಂತಲೇ ಮಾಡಿಸಿಕೊಂಡದ್ದು ಅಂತ ಚಿಕ್ಕಪ್ಪ ನೆನಪಿಸಿದ ಮೇಲೆ ಅಮ್ಮನಿಗೂ ಸಮಾಧಾನ ಆಯಿತು. ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ (HbA1c) 8.6 ಬಂತು, ಜಾಸ್ತಿ ಆಯಿತು ಅಂತ ಆಪರೇಷನ್ ಆರು ವಾರ ಮುಂದೆ ಹಾಕಿದರು. ಹುಳುಕು ಹಲ್ಲು ಒಂದಿತ್ತು, ಅದನ್ನೂ ಮೊದಲು ಕೀಳಿಸಿಕೊಂಡು ಬನ್ನಿ ಅಂದರು, ಬಾಯಿಯ ಸೋಂಕು ರಕ್ತದಲ್ಲಿ ಸೇರಿ ಹೊಸ ಮಂಡಿಗೆ ಹೋಗಬಹುದಂತೆ. ಇಷ್ಟು ಕಟ್ಟುನಿಟ್ಟಿಗೆ ಆಗ ಸ್ವಲ್ಪ ಬೇಜಾರಾಗಿತ್ತು. ಈಗ ಆ ಡಾಕ್ಟರಿಗೆ ಕೈ ಮುಗಿಯಬೇಕು ಅನಿಸುತ್ತದೆ.

ಆಪರೇಷನ್ ಒಂದೂವರೆ ಗಂಟೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು. ಮಾರನೇ ದಿನ ಬೆಳಗ್ಗೆಯೇ ವಾಕರ್ ಹಿಡಿಸಿ ನಿಲ್ಲಿಸಿದರು, ಬಾಗಿಲ ತನಕ ನಡೆಸಿದರು. ನೋವೇ ಇಲ್ಲವಲ್ಲ ಅಂತ ಅಮ್ಮನಿಗೆ ಖುಷಿಯೋ ಖುಷಿ, ಊರಿಗೆಲ್ಲ ಫೋನ್ ಮಾಡಿದಳು. ಆಮೇಲೆ ಬಂತು ನೋಡಿ ಎರಡನೇ ರಾತ್ರಿ. ನೋವು ಗೊತ್ತಾಗದಿರಲಿ ಅಂತ ಕಾಲಿನ ನರಕ್ಕೆ ಬೇರೆಯಾಗಿ ಕೊಟ್ಟ ಮದ್ದಿನ ಪ್ರಭಾವ ಇಳಿಯೋದು ಆಗಲೇ. ಅಮ್ಮ ಮಂಚದ ಕಂಬಿ ಹಿಡಿದು ಅತ್ತಳು. ಇದು ಹೀಗೇ ಆಗುತ್ತೆ, ಹೆದರಬೇಡಿ ಅಂತ ಮೊದಲೇ ಒಬ್ಬರು ಹೇಳಿದ್ದರೆ ನಾವು ಅಷ್ಟು ಗಾಬರಿ ಆಗುತ್ತಿರಲಿಲ್ಲ.

ಐದನೇ ದಿನ ಡಿಸ್ಚಾರ್ಜ್. ನನ್ನ ದೂರು ಶುರುವಾಗೋದು ಇಲ್ಲಿಂದ. ವ್ಯಾಯಾಮದ ಚಿತ್ರ ಇರುವ ಒಂದು ಹಾಳೆ ಕೊಟ್ಟರು, ಅಷ್ಟೂ ಇಂಗ್ಲಿಷಿನಲ್ಲಿ. ಬಿಲ್ಲು, ಇನ್ಶೂರೆನ್ಸ್ ಅಂತ ಓಡಾಡುತ್ತಿದ್ದ ನನಗೆ ಅದನ್ನು ವಿವರಿಸಿದ್ದು ಎರಡು ನಿಮಿಷ. ಮನೆಗೆ ಬಂದ ಮೇಲೆ ಕಾಲು ಚಾಚಿದರೆ ನೋವು ಅಂತ ಮಂಡಿ ಕೆಳಗೆ ಒಂದು ದಿಂಬು ಇಟ್ಟೆ. ಅಮ್ಮನಿಗೆ ಹಾಯ್ ಅನಿಸಿತು. ಹತ್ತು ದಿನ ಹಾಗೇ ಮಲಗಿಸಿದೆ. ಪ್ರೀತಿಯಿಂದಲೇ ಮಾಡಿದೆ, ಆದರೆ ತಪ್ಪು ಮಾಡಿದೆ. ಮಂಡಿ ಸ್ವಲ್ಪ ಮಡಚಿದ ಹಾಗೇ ಬಿಗಿಯತೊಡಗಿತ್ತು.

ಹೊಲಿಗೆ ಪಿನ್ ತೆಗೆಸಲು ಹೋದಾಗ, ಎರಡು ವಾರದ ಮೇಲೆ, ಡಾಕ್ಟರ್ ನೋಡಿ ಬೈದರು. ಅವತ್ತೇ ಪರಿಚಯದವರ ಮೂಲಕ ಮನೆಗೆ ಬರುವ ಒಬ್ಬ ಫಿಸಿಯೋ ಹುಡುಗಿಯನ್ನು ಹುಡುಕಿದೆವು. ಒಂದು ಸಲಕ್ಕೆ 600 ರೂಪಾಯಿ. ಬಂದವಳು ಮೊದಲು ದಿಂಬು ಎತ್ತಿ ಬದಿಗಿಟ್ಟಳು. ಟವೆಲ್ ಸುತ್ತಿ ಹಿಮ್ಮಡಿ ಕೆಳಗೆ ಇಟ್ಟಳು, ಮಂಡಿ ಕೆಳಗೆ ಖಾಲಿ. ಆ ಸಂದಿಯಲ್ಲಿ ತನ್ನ ಅಂಗೈ ತೂರಿಸಿ, "ನನ್ ಕೈನ ಹಾಸಿಗೆಗೆ ಒತ್ತಿ ಅಮ್ಮಾ" ಅಂದಳು. ಅಮ್ಮ ಹಲ್ಲು ಕಚ್ಚಿ ಒತ್ತಿದಳು. ತೊಡೆಯ ಮಾಂಸ ಅಲುಗಲೇ ಇಲ್ಲ. "ಇನ್ನೊಂದ್ಸಲ." ಹತ್ತನೇ ಸಲಕ್ಕೆ ಮಂಡಿ ಮೇಲ್ಭಾಗದಲ್ಲಿ ಒಂಚೂರು ಕಂಪಿಸಿತು. "ಬಂತು ನೋಡಿ!" ಅಂತ ಆ ಹುಡುಗಿ ಕೂಗಿದ್ದು ನನಗಿನ್ನೂ ಕಿವಿಯಲ್ಲಿದೆ. ತೊಡೆ ಶಕ್ತಿ ನಿಮ್ಮದೇ ಅಂತ ಡಾಕ್ಟರ್ ಹೇಳಿದ್ದು ಆಗ ಅರ್ಥ ಆಯಿತು.

ವಾರಕ್ಕೆ ನಾಲ್ಕು ದಿನ, ಏಳು ವಾರ ಬಂದಳು. ಪ್ರತಿ ಸಲ ಕೋನಮಾಪಕ ಇಟ್ಟು ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಶುರುವಿನಲ್ಲಿ ಮಂಡಿ ಮಡಚುತ್ತಿದ್ದದ್ದು 70 ಡಿಗ್ರಿ, ಕೊನೆಗೆ 115. ನೇರ ಮಾಡೋದೇ ಮಡಚೋದಕ್ಕಿಂತ ಜಾಸ್ತಿ ಕಾಡಿತು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು ಅಂತ ಕಲಿಸಿದ್ದೂ ಅವಳೇ. ಆಸ್ಪತ್ರೆಗೆ ಕಟ್ಟಿದ ದುಡ್ಡಿನ ಮುಂದೆ ಅವಳಿಗೆ ಕೊಟ್ಟದ್ದು ಏನೇನೂ ಅಲ್ಲ.

ಯಾರೂ ಹೇಳದ ಇನ್ನೂ ಕೆಲವು ವಿಷಯ ಇವೆ. ರಾತ್ರಿ ನಿದ್ದೆ ಒಂದೂವರೆ ತಿಂಗಳು ಸರಿ ಬರಲಿಲ್ಲ. ನೋವಿನ ಮಾತ್ರೆಗೆ ಮಲಬದ್ಧತೆ ಆಯಿತು. ಬಾಯಿ ರುಚಿ ಹೋಗಿ ತಿಳಿಸಾರು ಅನ್ನ ಬಿಟ್ಟು ಬೇರೇನೂ ಬೇಡ ಅನ್ನುತ್ತಿದ್ದಳು. ಮಂಡಿ ಈಗಲೂ ಸಂಜೆ ಹೊತ್ತಿಗೆ ಮುಟ್ಟಿದರೆ ಬೆಚ್ಚಗಿರುತ್ತದೆ, ಗಾಯದ ಹೊರಬದಿಯಲ್ಲಿ ಸ್ಪರ್ಶ ಕಡಿಮೆ, ನಡೆಯುವಾಗ ಒಳಗೆ ಟಕ್ ಅನ್ನುತ್ತದೆ. ಇವೆಲ್ಲ ಆಗುವಂಥದ್ದೇ ಅಂತ ಡಾಕ್ಟರ್ ಹೇಳಿದರು. ಆದರೆ ಮೀನಖಂಡ ಊದಿ ನೋಯುತ್ತಿದ್ದರೆ, ಗಾಯದಿಂದ ನೀರು ಸೋರಿದರೆ, ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ತೋರಿಸಿ. ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದರಂತೂ ಒಂದು ನಿಮಿಷವೂ ಕಾಯಬೇಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ.

ಮನೆಯನ್ನು ಆಪರೇಷನ್‌ಗೆ ಮೊದಲೇ ಸಿದ್ಧ ಮಾಡಿ. ಕಮೋಡ್ ಪಕ್ಕ ಹಿಡಿದುಕೊಳ್ಳಲು ಕಂಬಿ, ಬಚ್ಚಲಲ್ಲಿ ಎತ್ತರದ ಸ್ಟೂಲು. ಜಾರುವ ಕಾಲೊರಸು ಎಲ್ಲ ತೆಗೆದುಬಿಡಿ. ಚಕ್ಕಂಬಕ್ಕಲ ಹಾಕಿ ಕೂರೋದು, ಕುಕ್ಕರಗಾಲಲ್ಲಿ ಕೂರೋದು ಇನ್ನು ಬೇಡ ಅಂದಿದ್ದಾರೆ. ಅಮ್ಮನಿಗೆ ನೋವಿಗಿಂತ ಜಾಸ್ತಿ ದುಃಖ ಆಗಿದ್ದು ಅದಕ್ಕೇ. ಐವತ್ತು ವರ್ಷ ನೆಲದ ಮೇಲೆ ಈಳಿಗೆ ಮಣೆ ಮುಂದೆ ಕೂತು ತರಕಾರಿ ಹೆಚ್ಚಿದವಳು. ಚಾಕು ಕೊಟ್ಟರೆ ಹುರುಳಿಕಾಯಿ ಒಂದೇ ಸಮ ಬರಲ್ಲ ಅನ್ನುತ್ತಿದ್ದಳು. ಕೊನೆಗೆ ತಮ್ಮ ಗಟ್ಟಿಯಾದ ಒಂದು ಮೇಜಿಗೆ ಈಳಿಗೆಯನ್ನೇ ಬೋಲ್ಟ್ ಹಾಕಿ ಕೂರಿಸಿಕೊಟ್ಟ. ಈಗ ಕುರ್ಚಿ ಮೇಲೆ ಕೂತು ಹೆಚ್ಚುತ್ತಾಳೆ.

ಈಗ ಅಮ್ಮ ತಿಪಟೂರಿನಲ್ಲಿದ್ದಾಳೆ. ಬೆಳಗ್ಗೆ ದೇವಸ್ಥಾನದ ತನಕ ಕೋಲು ಇಲ್ಲದೆ ಹೋಗಿ ಬರುತ್ತಾಳೆ. ಬಲಗಾಲು ಇನ್ನೂ ನೋಯುತ್ತದೆ, ಅದನ್ನೂ ಮಾಡಿಸಿಬಿಡು ಅಂತ ಅವಳೇ ಹೇಳಿದ್ದಾಳೆ. ಅದೇ ಡಾಕ್ಟರ್, ಅದೇ ಆಸ್ಪತ್ರೆ, ಯುಗಾದಿ ಆದಮೇಲೆ. ದಿನ ಇನ್ನೂ ಗೊತ್ತಾಗಿಲ್ಲ. ಫಿಸಿಯೋ ಹುಡುಗಿಗೆ ಮಾತ್ರ ಈಗಲೇ ಹೇಳಿಟ್ಟಿದ್ದೇನೆ, ಈ ಸಲ ಆಪರೇಷನ್‌ಗೆ ಒಂದು ತಿಂಗಳು ಮುಂಚಿನಿಂದಲೇ ಬಂದು ತೊಡೆ ವ್ಯಾಯಾಮ ಶುರು ಮಾಡಿಸುತ್ತಾಳೆ.