ಆರ್ಕ್ ಎನ್‌ಕೌಂಟರ್: ಮರಗೆಲಸ ನೋಡಲು ಹೋಗಿ, ಫಲಕಗಳನ್ನು ಲೆಕ್ಕ ಹಾಕುತ್ತ ಓದಿ

ಸಿನ್ಸಿನಾಟಿಯಿಂದ ಐ-75 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು 40 ಮೈಲಿ ಬಂದು 154ನೇ ಎಕ್ಸಿಟ್‌ನಲ್ಲಿ ಇಳಿದರೆ ಅಮೆರಿಕದ ಕೆಂಟಕಿ ರಾಜ್ಯದ ವಿಲಿಯಮ್ಸ್‌ಟೌನ್. ಪಾರ್ಕಿಂಗ್‌ಗೆ ಬೇರೆ ದುಡ್ಡು. ಅಲ್ಲಿಂದ ಮುಂದೆ ಷಟಲ್ ಬಸ್ಸು. ಬೈಬಲ್ ಕಥೆಯಲ್ಲಿ ಲೋಕ ಮುಳುಗಿಸಿದ ಪ್ರಳಯದಿಂದ ನೋಹ ತನ್ನ ಮನೆಯವರನ್ನೂ ಪ್ರಾಣಿಗಳ ಜೋಡಿಗಳನ್ನೂ ಉಳಿಸಿದ ನಾವೆಯ (ಆರ್ಕ್) ಪ್ರತಿರೂಪ ಇದು; ಕಟ್ಟಿದ್ದು ಆ ಕಥೆಯನ್ನು ಅಕ್ಷರಶಃ ನಂಬುವ ಕ್ರೈಸ್ತ ಸಂಸ್ಥೆ. 2016ರ ಜುಲೈ 7ರಂದು ತೆರೆದ ಈ ನೋಹನ ನಾವೆ ಮೊದಲ ನೋಟಕ್ಕೆ ದಂಗುಬಡಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಉದ್ದ 510 ಅಡಿ, ಅಗಲ 85, ಎತ್ತರ 51.

ಬೈಬಲ್ ಕೊಡುವುದು ಮೊಳದ ಲೆಕ್ಕ: 300, 50, 30. ಯಾರ ಕೈಯ ಮೊಳ? ಹೂವಾಡಗಿತ್ತಿಯ ಮುಂದೆ ನಾವು ತೆಗೆಯುವ ತಕರಾರೇ ಇದು. 18 ಇಂಚಿನ ಮೊಳವಾಗಿದ್ದರೆ ಉದ್ದ 450 ಅಡಿಗೇ ಮುಗಿಯುತ್ತಿತ್ತು, ಇವರು 20.4 ಇಂಚಿನದನ್ನು ಆರಿಸಿ 60 ಅಡಿ ಗಿಟ್ಟಿಸಿಕೊಂಡಿದ್ದಾರೆ. ಮರದ ಚೌಕಟ್ಟಿನಲ್ಲಿ ಅಮಿಶ್ (ಹಳೆಯ ಕಾಲದ ಸರಳ ಬದುಕಿನ ಕ್ರೈಸ್ತ ಪಂಥ) ಬಡಗಿಗಳ ಕೈಚಳಕವಿದೆ. ದಿಮ್ಮಿ ಕಂಬಕ್ಕೆ ತೊಲೆ ಕೂಡುವ ಜಾಗದಲ್ಲಿ ನಿಂತು ತಲೆ ಎತ್ತಿ ನೋಡಿ, ಟಿಕೆಟ್ಟಿನ ಅರ್ಧ ದುಡ್ಡು ಅಲ್ಲೇ ವಸೂಲು. ಹಿಂಬದಿಯಲ್ಲಿ ಮಾತ್ರ ಗುಟ್ಟು ರಟ್ಟಾಗುತ್ತದೆ: ನಾವೆ ಮೂರು ಕಾಂಕ್ರೀಟ್ ಗೋಪುರಗಳಿಗೆ ಆತುಕೊಂಡಿದೆ, ಲಿಫ್ಟು, ಮೆಟ್ಟಿಲು, ಶೌಚಾಲಯ ಅಲ್ಲಿವೆ. ಇದು ಹಡಗಿನಾಕಾರದ ಕಟ್ಟಡ, ತೇಲುವಂಥದ್ದಲ್ಲ. ಇಷ್ಟುದ್ದದ ಮರದ ಹಡಗು ಕಡಲಲ್ಲಿ ತಾಳುವುದೂ ಅನುಮಾನ. 1909ರಲ್ಲಿ ಮೇಯ್ನ್‌ನಲ್ಲಿ ಕಟ್ಟಿದ ವಯೋಮಿಂಗ್ ಎಂಬ ಮರದ ಹಡಗಿನ ಡೆಕ್ಕು ಸುಮಾರು 350 ಅಡಿಯಷ್ಟೇ. ಕಬ್ಬಿಣದ ಪಟ್ಟಿ ಬಿಗಿದಿದ್ದರೂ ಅಲೆಗೆ ಒಡಲು ಬಳುಕಿ, ಹಲಗೆಗಳ ಸಂದು ಬಿಟ್ಟು ನೀರು ನುಗ್ಗುತ್ತಿತ್ತು. ಪಂಪು ಹೊಡೆಯುತ್ತಲೇ ಇರಬೇಕಿತ್ತು. 1924ರಲ್ಲಿ ಮುಳುಗಿತು.

ಒಳಗೆ ಮೂರು ಅಂತಸ್ತು. ಇಷ್ಟರಲ್ಲಿ ಲೋಕದ ಪ್ರಾಣಿಗಳೆಲ್ಲ ಹಿಡಿಸಿದ್ದು ಹೇಗೆ? ಪ್ರಭೇದವನ್ನು ಬಿಟ್ಟು ‘ಜಾತಿ’ಯನ್ನು ಎಣಿಸುತ್ತಾರೆ: ತೋಳ, ನರಿ, ನಾಯಿ ಎಲ್ಲಕ್ಕೂ ಒಂದೇ ಮೂಲಜೋಡಿ. ಹೀಗೆ ಸುಮಾರು 1,400 ಜಾತಿ, 7,000ಕ್ಕಿಂತ ಕಡಿಮೆ ಪ್ರಾಣಿ. ಲೆಕ್ಕ ಎಡವುವುದೂ ಇಲ್ಲೇ. ಪ್ರಳಯವಾಗಿ 4,350 ವರ್ಷವಷ್ಟೇ ಎನ್ನುತ್ತಾರೆ; ಅಷ್ಟರೊಳಗೆ ಇಂದಿನ ಪ್ರಭೇದಗಳೆಲ್ಲ ಕವಲೊಡೆಯಬೇಕಾದರೆ, ಇವರು ಒಪ್ಪದ ವಿಕಾಸವೇ ಹಲವು ಪಟ್ಟು ವೇಗದಲ್ಲಿ ನಡೆಯಬೇಕು. ಬೋನುಗಳಲ್ಲಿ ಡೈನೋಸಾರ್‌ಗಳೂ ಇವೆ. ಒಂದು ಮೆಚ್ಚಬೇಕು: ಬೈಬಲ್ ಹೇಳದ್ದನ್ನು ಕಲ್ಪಿಸಿಕೊಂಡಿದ್ದೇವೆ ಎಂದು ಫಲಕದಲ್ಲೇ ಒಪ್ಪಿಕೊಂಡಿದ್ದಾರೆ. ನೋಹನ ಹೆಂಡತಿಗೆ ಬೈಬಲ್‌ನಲ್ಲಿ ಹೆಸರಿಲ್ಲ. ಇಲ್ಲಿ ಆಕೆ ಎಮ್‌ಝಾರಾ, ಊಟದ ಮನೆಗೂ ಆಕೆಯದೇ ಹೆಸರು.

ನಡೆಸುವ ಸಂಸ್ಥೆ ಆನ್ಸರ್ಸ್ ಇನ್ ಜೆನೆಸಿಸ್. ಭೂಮಿಗೆ 6,000 ವರ್ಷ ಎಂಬುದು ಅದರ ವಾದ. ನೌಕರರು ನಂಬಿಕೆಯ ಪತ್ರಕ್ಕೆ ಸಹಿ ಹಾಕಲೇಬೇಕು. ಕೆಂಟಕಿ ಸರ್ಕಾರ ಮಾರಾಟ ತೆರಿಗೆಯ ರಿಯಾಯಿತಿ ತಡೆದಾಗ ಸಂಸ್ಥೆ ಕೋರ್ಟಿಗೆ ಹೋಗಿ 2016ರ ಜನವರಿಯಲ್ಲಿ ಗೆದ್ದಿತು, ಮೊತ್ತ 1.8 ಕೋಟಿ ಡಾಲರ್‌ವರೆಗೆ. ಊರಿನ ಹೆಸರಿನಲ್ಲಿ 6.2 ಕೋಟಿ ಡಾಲರ್ ಬಾಂಡೂ ಹೊರಟಿತ್ತು. ದೇವರು ಮನುಷ್ಯನನ್ನು ಈಗಿನ ರೂಪದಲ್ಲೇ, ಕಳೆದ 10,000 ವರ್ಷಗಳೊಳಗೆ ಸೃಷ್ಟಿಸಿದ ಎಂದ ಅಮೆರಿಕನ್ನರು ಗ್ಯಾಲಪ್ ಸಂಸ್ಥೆಯ ಜನಮತ ಸಮೀಕ್ಷೆಯಲ್ಲಿ 1982ರಲ್ಲಿ ಶೇ. 44, 2024ರಲ್ಲಿ ಶೇ. 37. ತಲೆ ಎಣಿಕೆ ಇಳಿದಿದೆ. ಏರಿರುವುದು ಇಂಥ ಕಟ್ಟಡಗಳು, ಅವುಗಳ ಬೆನ್ನಿಗಿರುವ ವಕೀಲರು, ಹಣ. (ಜೋರು ಮಳೆಗೆ ಗುಡ್ಡ ಜರಿದು ಒಳರಸ್ತೆ ಹಾಳಾಗಿ, 2019ರಲ್ಲಿ ನಾವೆಯವರೇ ವಿಮಾ ಕಂಪನಿಗಳ ಮೇಲೆ ದಾವೆ ಹೂಡಿದ್ದರು!)

ಮೂರು ನಾಲ್ಕು ಗಂಟೆ ಇಟ್ಟುಕೊಳ್ಳಿ. ನಡಿಗೆ ಜಾಸ್ತಿ, ಒಳ್ಳೆಯ ಶೂ ಹಾಕಿ. ವಾಪಸು ಸಿನ್ಸಿನಾಟಿ ಕಡೆ ಹೊರಟಾಗ ಹೆದ್ದಾರಿಗಾಗಿ ಕೊರೆದ ಗುಡ್ಡಗಳತ್ತ ಮಕ್ಕಳ ಗಮನ ಸೆಳೆಯಿರಿ. ಪದರ ಪದರವಾಗಿ ಕಾಣುವ ಆ ಸುಣ್ಣಕಲ್ಲಿನ ತುಂಬ ಚಿಪ್ಪುಗಳ ಪಳೆಯುಳಿಕೆ. ಹಳೆಯ ಸಮುದ್ರದ ತಳ ಅದು, ವಯಸ್ಸು ಸುಮಾರು 45 ಕೋಟಿ ವರ್ಷ. ಅದಕ್ಕೆ ಟಿಕೆಟ್ಟಿಲ್ಲ.