ಸ್ಪೀಡ್‌ವೇ ನೋಡಲು ಇಂಗ್ಲೆಂಡೋ, ಪೋಲೆಂಡೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೋಲೆಂಡಿಗೆ. ಸ್ಪೀಡ್‌ವೇ ಅಂದರೆ ಅಂಡಾಕಾರದ ಪುಡಿಕಲ್ಲಿನ ಟ್ರ್ಯಾಕಿನಲ್ಲಿ ನಡೆಯುವ ಬೈಕ್ ರೇಸು. ನಾನು ಕೆಲಸಕ್ಕಿರುವುದು ಇಂಗ್ಲೆಂಡಿನಲ್ಲಿ. ಪರದೇಶದಲ್ಲಿ ಬೈಕ್ ಓಡಿಸಿ ಹೊಟ್ಟೆ ಹೊರೆಯುವ ಸ್ಪೀಡ್‌ವೇ ಸವಾರರನ್ನು ಹತ್ತಿರದಿಂದ ನೋಡಬೇಕು ಅಂತ ಎರಡೂ ದೇಶಗಳಲ್ಲಿ ಟಿಕೆಟ್ ತೆಗೆದುಕೊಂಡೆ.

ಇಂಗ್ಲೆಂಡಿನ ಕಥೆ ಮಳೆಯ ಕಥೆ. ಸೋಮವಾರ ಸಂಜೆ ಅರ್ಧ ದಿನ ರಜೆ ಹಾಕಿ, ಎರಡು ರೈಲು ಬದಲಿಸಿ ಒಂದು ಕ್ಲಬ್ಬಿನ ಅಂಗಳ ತಲುಪಿದೆ. ಸಣ್ಣಗೆ ಹನಿಯುತ್ತಿತ್ತು. ಆಟ ಶುರುವಾಗಲು ಅರ್ಧ ಗಂಟೆ ಇದೆ ಅನ್ನುವಾಗ ರದ್ದು ಅಂದರು. ಟಿಕೆಟ್ ಹಣ ವಾಪಸಿಲ್ಲ, ಮತ್ತೆ ಆಟ ಇಟ್ಟ ದಿನ ಅದೇ ಟಿಕೆಟ್ ತೋರಿಸಿ ಒಳಗೆ ಹೋಗಬಹುದು. ಆ ದಿನವೂ ವಾರದ ನಡುವೆಯೇ ಬಂತು, ನನಗೆ ರಜೆ ಸಿಗಲಿಲ್ಲ. ರೈಲಿನ ದುಡ್ಡಂತೂ ಹೋಯಿತು.

ರದ್ದು ಮಾಡಿದ್ದು ತಪ್ಪಲ್ಲ. ಈ ಬೈಕಿಗೆ ಬ್ರೇಕೇ ಇಲ್ಲ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕಂತಲೇ ಜಾರಿಸಿ ತಿರುಗಿಸಬೇಕು. ಪುಡಿಕಲ್ಲಿನ ಟ್ರ್ಯಾಕ್ ನೆನೆದು ಕೆಸರಾದರೆ ಆ ಜಾರುವಿಕೆ ಸವಾರನ ಕೈಯಲ್ಲಿ ಇರುವುದಿಲ್ಲ. ನನಗೆ ಬೇಸರವಾದದ್ದು ಹೇಳಿದ ಹೊತ್ತಿನ ಬಗ್ಗೆ. ಮಧ್ಯಾಹ್ನವೇ ಆಕಾಶ ಕಪ್ಪಾಗಿತ್ತು, ಆಗಲೇ ಹೇಳಬಹುದಿತ್ತಲ್ವಾ?

ಹೊರಗೆ ಬರುವಾಗ ವಿದೇಶಿ ಸವಾರನೊಬ್ಬ ಒರೆಸಿದ ಬೈಕನ್ನು ಹಾಗೇ ವ್ಯಾನಿಗೆ ಏರಿಸುತ್ತಿದ್ದ. ಅವನಿಗೆ ಮುಖ್ಯ ಸಂಪಾದನೆ ಪಾಯಿಂಟಿನ ಲೆಕ್ಕದಲ್ಲಿ. ಹೀಟ್‌ನಲ್ಲಿ, ಅಂದರೆ ನಾಲ್ಕು ಸವಾರರ ಒಂದು ರೇಸಿನಲ್ಲಿ, ಮೊದಲು ಬಂದರೆ 3, ಆಮೇಲೆ 2, 1, ಕೊನೆಯವನಿಗೆ ಸೊನ್ನೆ. ಆಟವೇ ಇಲ್ಲದಿದ್ದರೆ ಪಾಯಿಂಟ್ ಎಲ್ಲಿಂದ? ಎಂಜಿನ್, ಟೈರು, ಮೆಕ್ಯಾನಿಕ್ ಸಂಬಳ, ವಿಮಾನದ ಟಿಕೆಟ್ ಎಲ್ಲ ಅವನ ಜೇಬಿನಿಂದಲೇ. ಬ್ರಿಟನ್ನಿನ ದೊಡ್ಡ ಲೀಗ್ ಸೋಮವಾರ ಮತ್ತು ಗುರುವಾರ, ಸ್ವೀಡನ್ನಿನದು ಮಂಗಳವಾರ, ಪೋಲೆಂಡಿನದು ಶುಕ್ರವಾರ ಮತ್ತು ಭಾನುವಾರ. ವರ್ಷಗಟ್ಟಲೆ ಎಷ್ಟೋ ಸವಾರರು ಈ ಮೂರನ್ನೂ ಒಂದೇ ವಾರದಲ್ಲಿ ಸುತ್ತಿದ್ದಾರೆ. ನನ್ನದು ಒಂದು ಸಂಜೆ ಹೋಯಿತು, ಅವನದು ಒಂದು ದಿನದ ಕೂಲಿ.

ಪೋಲೆಂಡಿನಲ್ಲಿ ನಾನು ಹೋದದ್ದು ಟೊರುನ್ ಊರಿಗೆ. ಅಲ್ಲಿನ ಸ್ಪೀಡ್‌ವೇ ಕ್ರೀಡಾಂಗಣ ಮೋಟೊಅರೇನಾ 2009ರಲ್ಲಿ ಶುರುವಾಯಿತು. 1970ರಲ್ಲಿ ಟ್ರ್ಯಾಕಿನಲ್ಲಿ ಬಿದ್ದು ತೀರಿಕೊಂಡ ಊರಿನ ಸವಾರ ಮರಿಯಾನ್ ರೋಸೆ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಕೂರುವ ಜಾಗಕ್ಕೆ ಸೂರಿದೆ. ಮಳೆ ಬರುವ ಹಾಗಿದ್ದರೆ ಟ್ರ್ಯಾಕಿಗೇ ಟಾರ್ಪಾಲು ಹೊದಿಸುತ್ತಾರೆ. ಬೆಳಿಗ್ಗೆ ಜೋರು ಮಳೆ, ಸಂಜೆ 15 ಹೀಟ್‌ಗಳೂ ನಡೆದವು. ಇಡೀ ಊರೇ ಬಂದ ಹಾಗಿತ್ತು. ಹೊರದೇಶದ ಸವಾರನ ಹೆಸರನ್ನು ತಮ್ಮ ಮನೆಮಗನ ಹೆಸರಿನಂತೆ ಕೂಗುತ್ತಿದ್ದರು.

ಇದೇ ಟ್ರ್ಯಾಕಿನಲ್ಲಿ 2016ರಲ್ಲಿ ಆಸ್ಟ್ರೇಲಿಯಾದ ಜೇಸನ್ ಡಾಯ್ಲ್ ಬಿದ್ದರು. ಆಗ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವರೇ ಮುಂದಿದ್ದರು. ಚಾಂಪಿಯನ್‌ಶಿಪ್‌ನ ಕೊನೆಯ ಸ್ಪರ್ಧೆ ಅವರದೇ ದೇಶದ ಮೆಲ್ಬರ್ನ್‌ನಲ್ಲಿ, ಆದರೆ ಗಾಯದಿಂದ ಇಳಿಯಲಾಗಲಿಲ್ಲ. ಮರುವರ್ಷ ಅದೇ ಮೆಲ್ಬರ್ನ್‌ನಲ್ಲಿ ಚಾಂಪಿಯನ್ ಆದರು. ಅವರು ಬಿದ್ದ ಆ ಟ್ರ್ಯಾಕನ್ನು ನೋಡುತ್ತಾ ಕೂತಾಗ ನನ್ನ ಗಂಟಲು ಕಟ್ಟಿತ್ತು.

ಇಂಗ್ಲೆಂಡಿನ ಪರವಾಗಿ ಒಂದು ಮಾತು. ಸಣ್ಣ ಅಂಗಳಗಳಲ್ಲಿ ಬೈಕ್ ಸಜ್ಜು ಮಾಡುವ ಜಾಗವಾದ ಪಿಟ್ಸ್ ಪಕ್ಕದಲ್ಲೇ ನಿಲ್ಲಬಹುದು, ಸವಾರ ತಾನೇ ಸ್ಪ್ಯಾನರ್ ಹಿಡಿದು ಗೇರಿಂಗ್ ಬದಲಿಸುವುದು ಕಾಣುತ್ತದೆ. ಟೊರುನ್‌ನಲ್ಲಿ ಅದು ದೂರದ ನೋಟ.

ಸ್ವೀಡನ್ ನನ್ನ ಬಜೆಟ್ಟಿಗೆ ಮೀರಿದ್ದು, ಹೋಗಿಲ್ಲ.

ವಾರದ ನಡುವೆ ರಜೆ ಸಿಗುವವರು, ಅಂಗಳದ ಹತ್ತಿರ ಇರುವವರು ಇಂಗ್ಲೆಂಡೇ ನೋಡಿ. ನನಗೆ ಬಿಡುವು ಇರುವುದು ವಾರದ ಕೊನೆಗೆ ಮಾತ್ರ. ಎರಡು ತಿಂಗಳು ಹೊರಗೆ ಊಟ ಮಾಡುವುದು ಬಿಟ್ಟರೆ ಟೊರುನ್ ಹತ್ತಿರದ ಬಿಡ್‌ಗೋಶ್ಚ್ ಊರಿನವರೆಗಿನ ವಿಮಾನದ ಖರ್ಚು ಹೊರಡುತ್ತದೆ, ಅಲ್ಲಿಂದ ಟೊರುನ್‌ಗೆ ರೈಲಿದೆ. ಮುಂದಿನ ಟಿಕೆಟ್ ಭಾನುವಾರಕ್ಕೇ ತೆಗೆದಿದ್ದೇನೆ, ಮೊದಲ ತಿರುವಿನ ಎದುರಿಗೆ.