ಎಂಡೋಮೆಟ್ರಿಯೋಸಿಸ್ ನೋವಿಗೆ ಫಿಸಿಯೋಥೆರಪಿ: ಎಸ್.ಎಸ್. ಪುರಂನ ಒಂದು ಚಿಕ್ಕ ಕ್ಲಿನಿಕ್

ನಾನು ಬ್ಲೌಸ್ ಹೊಲಿಯುವವಳು. ತುಮಕೂರಿನ ಅಶೋಕ ನಗರದಲ್ಲಿ ಚಿಕ್ಕ ಅಂಗಡಿ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆಯಿಂದ ಸಂಜೆವರೆಗೆ ಕೂತೇ ಮಾಡುವ ಕೆಲಸ. ಕೆಳಹೊಟ್ಟೆ, ಸೊಂಟ ಹಿಡಿದುಕೊಂಡರೆ ಅವತ್ತಿನ ದುಡಿಮೆ ಹೋದ ಹಾಗೆ. ಮದುವೆ ಸೀಸನ್‌ನಲ್ಲಿ ಗಿರಾಕಿಗೆ "ನಾಳೆ ಬನ್ನಿ" ಅಂತ ಹೇಳುವುದಕ್ಕೂ ಆಗುವುದಿಲ್ಲ, ಅಲ್ವಾ?

ನನಗೆ ಎಂಡೋಮೆಟ್ರಿಯೋಸಿಸ್ ಇದೆ. ಗರ್ಭಕೋಶದ ಒಳಪದರದ ತರಹದ್ದೇ ಒಂದು ಪದರ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೋ ಕರುಳಿನ ಹತ್ತಿರವೋ ಬೆಳೆಯುತ್ತದೆ. ಅಲ್ಲಿ ಊತ ಬರುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ, ನೋವು ಕೊಡುತ್ತದೆ. ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು 10% ಜನಕ್ಕೆ ಇದು ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೂ ನಮ್ಮಲ್ಲಿ "ಮುಟ್ಟು ಅಂದ್ಮೇಲೆ ನೋವು ಇದ್ದಿದ್ದೇ", "ಒಂದು ಮಗು ಆಗ್ಲಿ, ಎಲ್ಲ ಸರಿಹೋಗುತ್ತೆ" ಅಂತಲೇ ವರ್ಷಗಳು ಕಳೆದುಬಿಡುತ್ತವೆ. ನನಗೂ ಮಗು ಆಯಿತು, ನೋವು ಹೋಗಲಿಲ್ಲ. ಕೊನೆಗೆ ಸ್ಕ್ಯಾನಿಂಗ್‌ನಲ್ಲಿ ಎಡಗಡೆ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ ಕಾಣಿಸಿತು. ಹಳೇ ರಕ್ತ ಸೇರಿಕೊಂಡು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅದಕ್ಕೇ ಆ ಹೆಸರು. ಡಾಕ್ಟರು ಡೈನೋಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. ದಿನಾ ಒಂದು.

ಮಾತ್ರೆಯಿಂದ ಮುಟ್ಟು ಬಹುತೇಕ ನಿಂತಿತು. ಆ ಬಾಯಿ ಬಡಿದುಕೊಳ್ಳುವಂಥ ನೋವೂ ಇಳಿಯಿತು. ಆದರೆ ಕೂತಾಗಿನ ನೋವು ಹಾಗೇ ಉಳಿಯಿತು. ಮೆಷಿನ್ ಮುಂದೆ ಸ್ವಲ್ಪ ಹೊತ್ತು ಕೂತರೆ ಸಾಕು, ಕೆಳಗೆಲ್ಲ ಯಾರೋ ಹಿಡಿದು ಹಿಂಡಿದ ಹಾಗೆ. ಮಲ ವಿಸರ್ಜನೆ ಮಾಡುವಾಗ ನೋವು. ಗಂಡನ ಜೊತೆ ಸೇರುವಾಗ ನೋವು. ಇದನ್ನು ಡಾಕ್ಟರಿಗೆ ಬಿಡಿಸಿ ಹೇಳಿದ ಮೇಲೆ ಅವರೇ ಎಸ್.ಎಸ್. ಪುರಂನ ಈ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕಳಿಸಿದರು.

ಕ್ಲಿನಿಕ್ ನಡೆಸುವವರು ಒಬ್ಬರೇ ಹೆಣ್ಣುಮಗಳು. ಈಗಲೇ ಕೈತುಂಬ ರೋಗಿಗಳಿದ್ದಾರೆ, ಹೆಸರು ಹಾಕಬೇಡಿ ಅಂತ ಕೇಳಿಕೊಂಡರು, ಅದಕ್ಕೆ ಹಾಕುತ್ತಿಲ್ಲ. ನೀವು ಎಲ್ಲೇ ಇಂಥವರನ್ನು ಹುಡುಕಿದರೂ ಏನು ಕೇಳಬೇಕು, ಏನು ನಿರೀಕ್ಷಿಸಬೇಕು ಅಂತ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲ ದಿನ ಮೈ ಮುಟ್ಟಲೇ ಇಲ್ಲ. ಬರೀ ಮಾತು. ಮೂತ್ರಕ್ಕೆ ಎಷ್ಟು ಸಲ ಏಳುತ್ತೀರಿ, ಮಲಬದ್ಧತೆ ಇದೆಯಾ, ರಾತ್ರಿ ಹಲ್ಲು ಕಚ್ಚುತ್ತೀರಾ, ಕೆಲಸ ಏನು. ಟೈಲರ್ ಅಂದ ತಕ್ಷಣ ಒಂದು ಸ್ಟೂಲ್ ಎಳೆದು ಹಾಕಿ, ಹೇಗೆ ಕೂರುತ್ತೀರಿ ತೋರಿಸಿ ಅಂದರು. ನನ್ನದು ಮೋಟಾರ್ ಮೆಷಿನ್, ಬಲಗಾಲು ಯಾವಾಗಲೂ ಪೆಡಲ್ ಮೇಲೆ. ಕೂತು ತೋರಿಸಿದರೆ, ಮೈಭಾರವೆಲ್ಲ ಎಡಗಡೆ ಪೃಷ್ಠದ ಮೇಲಿತ್ತು. ಹೊಟ್ಟೆಯನ್ನು ಒಳಗೆ ಎಳೆದು ಬಿಗಿ ಹಿಡಿದಿದ್ದೆ. ನನಗೇ ಗೊತ್ತಿರಲಿಲ್ಲ.

ಆಮೇಲೆ ಮೇಜಿನ ಮೇಲಿದ್ದ ಪ್ಲಾಸ್ಟಿಕ್ಕಿನ ಸೊಂಟದ ಮೂಳೆಯನ್ನು ಕೈಗೆತ್ತಿಕೊಂಡರು. ಅದರ ತಳಕ್ಕೆ ಅಡ್ಡಡ್ಡ ಕೆಂಪು ಪಟ್ಟಿಗಳು. ಅವೇ ಪೆಲ್ವಿಕ್ ಫ್ಲೋರ್ ಸ್ನಾಯುಗಳು. ಮುಂದೆ ಮೂತ್ರದ ದಾರಿ, ನಡುವೆ ಯೋನಿ, ಹಿಂದೆ ಮಲದ ದಾರಿ, ಮೂರನ್ನೂ ಹೊತ್ತು ನಿಲ್ಲುವ ಸ್ನಾಯು. ವರ್ಷಗಟ್ಟಲೆ ನೋವು ತಿಂದವರು ನೋವು ಬರುತ್ತೆ ಅನ್ನುವ ಭಯಕ್ಕೇ ಆ ಸ್ನಾಯುವನ್ನು ಬಿಗಿ ಹಿಡಿದಿರುತ್ತಾರಂತೆ. ಮಾತ್ರೆ ಕೊಟ್ಟು ಮುಟ್ಟು ನಿಲ್ಲಿಸಿದರೂ ಆ ಬಿಗಿ ತಾನಾಗಿ ಬಿಡುವುದಿಲ್ಲ. ನನ್ನ ಕೂತ ನೋವಿಗೆ ಯಾರೋ ಒಬ್ಬರು ಕಾರಣ ಹೇಳಿದ್ದು ಅದೇ ಮೊದಲು. ಆ ಕೆಂಪು ಪಟ್ಟಿ ನೋಡುತ್ತಾ ಅಳು ಬಂತು. ಅವರು ಸುಮ್ನೆ ನೀರು ಕೊಟ್ಟು ಕಾದರು.

ಇಲ್ಲಿ ಒಂದು ಮುಖ್ಯ ವಿಷಯ. ಮೊಬೈಲಿನಲ್ಲಿ "ಹೆಂಗಸರ ಸಮಸ್ಯೆಗೆ ವ್ಯಾಯಾಮ" ಅಂತ ಹುಡುಕಿದರೆ ಬರುವುದೆಲ್ಲ ಕೀಗಲ್. ಮೂತ್ರ ತಡೆಯುವ ಹಾಗೆ ಬಿಗಿ ಮಾಡಿ, ಹತ್ತು ಎಣಿಸಿ, ಬಿಡಿ. ಸ್ನಾಯು ಸಡಿಲವಾಗಿ, ಕೆಮ್ಮಿದರೆ ಮೂತ್ರ ಹೋಗುವವರಿಗೆ ಅದು ಸರಿ. ಮೊದಲೇ ಬಿಗಿಯಾಗಿರುವವರು ಮಾಡಿದರೆ ನೋವು ಇನ್ನೂ ಜಾಸ್ತಿ ಆಗಬಹುದು. ನಮಗೆ ಬೇಕಾಗಿರುವುದು ಸಡಿಲ ಬಿಡುವುದನ್ನು ಕಲಿಯುವುದು. ಪರೀಕ್ಷೆ ಮಾಡದೆ ಎಲ್ಲರಿಗೂ ಒಂದೇ ಕೀಗಲ್ ಹೇಳಿಕೊಡುವ ಕ್ಲಾಸ್ ಇದ್ದರೆ ದಯವಿಟ್ಟು ವಿಚಾರಿಸಿ ಸೇರಿ.

ಒಳಗೆ ಬೆರಳಿಟ್ಟು ಪರೀಕ್ಷೆ ಮಾಡುವ ಕ್ರಮವೂ ಈ ಚಿಕಿತ್ಸೆಯಲ್ಲಿ ಇದೆ. ಹಾಗೆಂದರೆ ಏನು, ಯಾಕೆ ಅಂತ ಮೊದಲೇ ಹೇಳಿ, ಬೇಕಾ ಅಂತ ಕೇಳಿದರು. ನಾನು ಬೇಡ ಅಂದೆ. ಮತ್ತೆ ಆ ಮಾತು ಎತ್ತಲಿಲ್ಲ. ಹೊರಗಿನಿಂದಲೇ ತೊಡೆ, ಪೃಷ್ಠ, ಕೆಳಹೊಟ್ಟೆ ಮುಟ್ಟಿ ನೋಡಿದರು. ಮದುವೆಯಾಗದ ಹುಡುಗಿಯರ ಅಮ್ಮಂದಿರು ಈ ಒಂದು ಹೆದರಿಕೆಗೇ ಬರುವುದಿಲ್ಲ ಅಂತ ಕೇಳಿದ್ದೇನೆ. ಹೆದರಬೇಡಿ. ಬೇಡ ಅಂದರೆ ಬೇಡ, ಅಷ್ಟೇ.

ಕಲಿಸಿದ್ದು ಬಹಳ ಸರಳ. ಮೊದಲು ಉಸಿರು. ಅಂಗಾತ ಮಲಗಿ, ಮೊಣಕಾಲಿನ ಕೆಳಗೆ ದಿಂಬು, ಒಂದು ಕೈ ಪಕ್ಕೆಲುಬಿನ ಮೇಲೆ, ಒಂದು ಕೈ ಹೊಟ್ಟೆ ಮೇಲೆ. "ಉಸಿರು ತಗೊಂಡಾಗ ಕೆಳಗೆ ಬಿಟ್ಟುಬಿಡಿ ಅಕ್ಕ, ಹಿಡ್ಕೋಬೇಡಿ" ಅಂತ ಮತ್ತೆ ಮತ್ತೆ ಹೇಳುತ್ತಿದ್ದರು. ಕೇಳುವುದಕ್ಕೆ ಏನೂ ಇಲ್ಲ ಅನಿಸುತ್ತದೆ. ಆದರೆ ನನಗೆ ಅದು ಬೇಗ ಬರಲಿಲ್ಲ. ಬಂದ ದಿನ ಬಾಲದ ಮೂಳೆಯ ಹತ್ತಿರ ಏನೋ ಗಂಟು ಬಿಚ್ಚಿದಂತಾಯಿತು. ಆಮೇಲೆ ಬಾಲಾಸನ, ಸುಪ್ತ ಬದ್ಧಕೋಣಾಸನ, ಬೆನ್ನು ಉಬ್ಬಿಸಿ ತಗ್ಗಿಸುವ ಮಾರ್ಜಾಲಾಸನ. ಹಿಮ್ಮಡಿ ಕೆಳಗೆ ಮಡಚಿದ ಕಂಬಳಿ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂರುವುದು. ಕಮೋಡ್ ಇದ್ದರೆ ಕಾಲ ಕೆಳಗೆ ಚಿಕ್ಕ ಸ್ಟೂಲ್ ಇಟ್ಟುಕೊಂಡು, ಮುಕ್ಕದೆ ಕೂರುವುದು. ಅಂಗಡಿಯಲ್ಲಿ ಪೆಡಲನ್ನು ನಡುವಿಗೆ ಸರಿಸಿದೆ, ಕಾಲು ಬದಲಾಯಿಸಿ ತುಳಿಯುತ್ತೇನೆ. ಪ್ರತಿ ಬ್ಲೌಸ್ ಮುಗಿದ ಮೇಲೆ ಎದ್ದು ಎರಡು ಹೆಜ್ಜೆ ನಡೆಯುತ್ತೇನೆ. ಸಂಜೆ ಅಮಾನಿಕೆರೆ ಹತ್ತಿರ ನಿಧಾನಕ್ಕೆ ವಾಕಿಂಗ್.

ಶಾಖದ ಬಗ್ಗೆಯೂ ಅಲ್ಲೇ ತಿಳಿದದ್ದು. ನನ್ನ ಹೊಟ್ಟೆ ಮೇಲೆ ಕಂದು ಬಣ್ಣದ ಬಲೆಯಂಥ ಕಲೆ ಇತ್ತು. ಅತಿಯಾದ ಶಾಖವನ್ನು ಅದೇ ಜಾಗಕ್ಕೆ ದಿನಾ ಕೊಟ್ಟರೆ ಚರ್ಮ ಹಾಗೆ ಆಗುತ್ತದಂತೆ. ಬಿಸಿನೀರಿನ ಬ್ಯಾಗಿಗೆ ಕುದಿಯುವ ನೀರು ಬೇಡ. ಮುಕ್ಕಾಲಿಗಿಂತ ಕಮ್ಮಿ ತುಂಬಿಸಿ, ಗಾಳಿ ಹೊರಗೆ ಹಾಕಿ, ಟವೆಲ್ ಸುತ್ತಿ. ಇಟ್ಟುಕೊಂಡು ನಿದ್ದೆ ಮಾಡಬೇಡಿ. ಕರೆಂಟಿನ ಬೆಲ್ಟ್ ಇದೆ, ಆದರೆ ಕರೆಂಟ್ ಹೋದರೆ ಅದು ಬರೀ ಬಟ್ಟೆ. ನನಗೆ ರಬ್ಬರ್ ಬ್ಯಾಗೇ ಸರಿ.

ಟೆನ್ಸ್ ಅಂತ, ನೋವಿನ ಜಾಗಕ್ಕೆ ಸಣ್ಣಗೆ ಕರೆಂಟ್ ಕೊಡುವ ಮೆಷಿನ್ನನ್ನೂ ಅವರು ಪ್ರಯೋಗಕ್ಕೆ ಕೊಡುತ್ತಾರೆ. ಇಷ್ಟವಾದರೆ ಹೊರಗೆ ಕೊಂಡುಕೊಳ್ಳಬಹುದು. ಅಂಗೈಯಗಲದ ಡಬ್ಬಿ, ಎರಡು ವೈರು, ಅಂಟುವ ಪ್ಯಾಡ್. ಸೊಂಟಕ್ಕೆ ಅಂಟಿಸಿ ಗುಬುಟು ತಿರುಗಿಸಿದರೆ ಜುಮ್ ಅನ್ನುತ್ತದೆ. ನೋವಿನ ಸುದ್ದಿ ಮೆದುಳಿಗೆ ಹೋಗುವುದನ್ನು ಈ ಜುಮ್ಮು ಸ್ವಲ್ಪ ತಡೆಯುತ್ತದೆ ಅನ್ನುವುದು ಲೆಕ್ಕ. ಚೂಡಿದಾರದ ಒಳಗೆ ಸಿಕ್ಕಿಸಿಕೊಂಡು ಹೊಲಿಯುತ್ತೇನೆ, ಗಿರಾಕಿಗೆ ಗೊತ್ತೂ ಆಗುವುದಿಲ್ಲ. ತೆಗೆದರೆ ಸ್ವಲ್ಪ ಹೊತ್ತಿಗೆ ನೋವು ವಾಪಸ್ ಬರುತ್ತದೆ. ಪ್ಯಾಡ್‌ಗಳ ಅಂಟು ಬೇಗ ಹೋಗುತ್ತದೆ, ಆ ಖರ್ಚು ಲೆಕ್ಕ ಹಾಕಿಕೊಳ್ಳಿ. ಪೇಸ್‌ಮೇಕರ್ ಇರುವವರು ಹಾಕಲೇಬಾರದು. ಬಸುರಿಯರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಊಟದ ವಿಷಯದಲ್ಲಿ ಅವರು ಜಾಸ್ತಿ ಮಾತಾಡಲಿಲ್ಲ, ಅದು ನನಗೆ ಹಿಡಿಸಿತು. ನಾರಿನಂಶ, ನೀರು, ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ ಅಂದರು. ಹೊಟ್ಟೆ ಉಬ್ಬರ ಇರುವವರಿಗೆ ಈರುಳ್ಳಿ, ಬೆಳ್ಳುಳ್ಳಿ, ಕಾಳು ಕೆಲವೊಮ್ಮೆ ಆಗುವುದಿಲ್ಲ. ನನಗೆ ಅವರೆಕಾಳು ಸಾರು ಉಂಡ ಮಾರನೆಯ ದಿನ ಹೊಟ್ಟೆ ತಮಟೆ. ಹಾಗಂತ ಅವರೆಕಾಯಿ ಕಾಲದಲ್ಲಿ ಪೂರ್ತಿ ಬಿಡುವುದು ತುಮಕೂರಿನವರಿಗೆ ಆಗುವ ಮಾತಲ್ಲ. ಕಡಿಮೆ ಮಾಡಿದ್ದೇನೆ. ಮುದ್ದೆ, ಸೊಪ್ಪಿನ ಸಾರಿಗೆ ಏನೂ ತೊಂದರೆ ಇಲ್ಲ. ಸುಮ್ನೆ ಹಾಲು, ಗೋಧಿ ಎಲ್ಲ ಒಟ್ಟಿಗೆ ಬಿಟ್ಟು ಮೈಗೆ ಬೇಕಾದ ಪೋಷಣೆ ಕಮ್ಮಿ ಮಾಡಿಕೊಳ್ಳಬೇಡಿ.

ಇದೇ ಊರಿನಲ್ಲಿ ಇನ್ನೊಂದು ಕಡೆಗೂ ಹೋಗಿದ್ದೆ, ಅದನ್ನೂ ಹೇಳಬೇಕು. ಅಲ್ಲಿ "ಆಪರೇಷನ್ ಇಲ್ಲದೆ ಗಡ್ಡೆ ಕರಗಿಸ್ತೀವಿ" ಅಂತ ಗೋಡೆ ಮೇಲೆ ಬರೆದಿತ್ತು. ಪ್ಯಾಕೇಜಿಗೆ ಹದಿನೆಂಟು ಸಾವಿರ. ಡೈನೋಜೆಸ್ಟ್ ಇವತ್ತೇ ನಿಲ್ಲಿಸಿ ಅಂದರು. ಪುಡಿಯ ಡಬ್ಬಿ ಕೈಗೆತ್ತಿಕೊಂಡು ತಿರುಗಿಸಿ ನೋಡಿದೆ. ಏನು ಹಾಕಿದ್ದಾರೆ ಅಂತ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಯಾವ ಲೈಸೆನ್ಸಿನಲ್ಲಿ ತಯಾರಿಸಿದ್ದು ಅಂತ ಇಲ್ಲ. ಸರಿಯಾದ ಆಯುರ್ವೇದ ಔಷಧಿಯ ಲೇಬಲ್ ಮೇಲೆ ಇವೆಲ್ಲ ಇರಲೇಬೇಕು. ಕೇಳಿದ್ದಕ್ಕೆ "ನಂಬಿಕೆ ಇಟ್ಕೊಳ್ಳಿ" ಅಂದರು. ಎದ್ದು ಬಂದೆ. ನನ್ನ ನಾದಿನಿ ನರ್ಸಿಂಗ್ ಓದಿದವಳು. ಅವಳು ಹೇಳಿದ ಮೇಲೆ ತಿಳಿಯಿತು: 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪಟ್ಟಿಯಲ್ಲಿ ಗರ್ಭಕೋಶದ ಕಾಯಿಲೆ, ಮುಟ್ಟಿನ ತೊಂದರೆ ಎರಡೂ ಇವೆ. ಇವನ್ನು ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಹಾಕುವುದೇ ತಪ್ಪು. ಆಯುರ್ವೇದ ಬೇಡ ಅಂತ ನಾನು ಹೇಳುತ್ತಿಲ್ಲ. ಓದಿದ ವೈದ್ಯರ ಹತ್ತಿರ ಹೋಗಿ, ಈಗ ನುಂಗುತ್ತಿರುವ ಮಾತ್ರೆಯ ಚೀಟಿ ತೋರಿಸಿ, ಲೇಬಲ್ ಇರುವ ಔಷಧಿ ತಗೊಳ್ಳಿ.

ಎಸ್.ಎಸ್. ಪುರಂನವರು ಮಾಡಿದ್ದು ಇದಕ್ಕೆ ಪೂರಾ ಉಲ್ಟಾ. "ಇದರಿಂದ ಸಿಸ್ಟ್ ಹೋಗಲ್ಲ, ಮಾತ್ರೆ ಬಿಡಬೇಡಿ, ಸ್ಕ್ಯಾನಿಂಗ್ ತಪ್ಪಿಸಬೇಡಿ" ಅಂತ ಮೊದಲ ದಿನವೇ ಹೇಳಿದರು. ಎಶ್ರೆ ಅನ್ನುವ ಯುರೋಪಿನ ತಜ್ಞರ ಸಂಘ 2022ರಲ್ಲಿ ಕೊಟ್ಟ ಮಾರ್ಗಸೂಚಿಯನ್ನು ತೋರಿಸಿದರು. ವ್ಯಾಯಾಮ, ಫಿಸಿಯೋಥೆರಪಿ, ಆಹಾರ, ಅಕ್ಯುಪಂಕ್ಚರ್, ಇವುಗಳಲ್ಲಿ ಯಾವುದನ್ನೂ ನೋವಿಗೆ ಖಚಿತ ಮದ್ದು ಅಂತ ಶಿಫಾರಸು ಮಾಡುವಷ್ಟು ಪುರಾವೆ ಇನ್ನೂ ಇಲ್ಲ ಅಂತ ಅದರಲ್ಲಿದೆ. ಬದುಕು ಹಗುರವಾಗುವುದಕ್ಕೆ ಇವುಗಳ ಬಗ್ಗೆ ರೋಗಿಯ ಜೊತೆ ಮಾತಾಡಿ ಅಂತಲೂ ಇದೆ. ತಾನು ಮಾರುವ ಸೇವೆಯ ಮಿತಿಯನ್ನು ತಾನೇ ಓದಿ ಹೇಳುವವರನ್ನು ನಾನು ನಂಬುತ್ತೇನೆ. ಮೆಡಿಕಲ್ ಸ್ಟೋರಿನಿಂದ ಚೀಟಿ ಇಲ್ಲದೆ ಮುಟ್ಟಿನ ನೋವಿಗೆ ನುಂಗುವ ಮೆಫೆನಾಮಿಕ್ ಆಸಿಡ್ ಮಾತ್ರೆ ಬಗ್ಗೆಯೂ ಎಚ್ಚರಿಸಿದರು. ಅಪರೂಪಕ್ಕೆ ಮೈಮೇಲೆ ಗುಳ್ಳೆ, ಜ್ವರ ಬಂದು ಒಳಗಿನ ಅಂಗಗಳಿಗೂ ಪೆಟ್ಟಾಗುವ ಅಲರ್ಜಿ ಬರಬಹುದು ಅಂತ 2023ರ ಕೊನೆಯಲ್ಲಿ ಔಷಧಿಗಳ ಗುಣಮಟ್ಟ, ಅಡ್ಡಪರಿಣಾಮ ನೋಡುವ ಕೇಂದ್ರ ಸರ್ಕಾರದ ಸಂಸ್ಥೆ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಸೂಚನೆ ಕೊಟ್ಟಿತ್ತು.

ಈಗ ನನ್ನ ಸ್ಥಿತಿ. ಸಿಸ್ಟ್ ಅಷ್ಟೇ ಇದೆ. ನೋವಿನ ದಿನಗಳು ಇವೆ. ಆದರೆ ಊಟದ ಹೊತ್ತಿನವರೆಗೆ ಕೂತು ಹೊಲಿಯುತ್ತೇನೆ. ಮಲ ವಿಸರ್ಜನೆಯ ನೋವು ಬಹಳ ಕಡಿಮೆಯಾಗಿದೆ. ಗಂಡನಿಗೆ "ಇವತ್ತು ಬೇಡ" ಅಂತ ಹೆದರಿ ಹೇಳುವುದು ತಪ್ಪಿದೆ. ನನಗೆ ಇದು ದೊಡ್ಡದು.

ಕೊರತೆಗಳೂ ಇವೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ನೋವಿನ ದಿನ ಆ ಮೆಟ್ಟಿಲು ಹತ್ತುವುದೇ ಶಿಕ್ಷೆ. ಎರಡು ಮಂಚದ ನಡುವೆ ಬರೀ ತೆಳು ಪರದೆ, ಪಕ್ಕದವರ ಮಾತು ಕೇಳಿಸುತ್ತದೆ. ಇಂಥ ವಿಷಯ ಮಾತಾಡುವ ಜಾಗದಲ್ಲಿ ಗೋಡೆ ಬೇಕೇ ಬೇಕು. ಹೇಳಿದ್ದೇನೆ, ಬಾಡಿಗೆ ಕಟ್ಟಡ ಅಂದರು. ಹೇಳಿದ ಟೈಮಿಗಿಂತ ಅರ್ಧ ಗಂಟೆ ಕಾಯುವುದು ಮಾಮೂಲು. ಒಂದು ಸಲಕ್ಕೆ ನಾನೂರು ರೂಪಾಯಿ. ಪ್ಯಾಕೇಜ್ ಕಟ್ಟಿ ಅಂತ ಒತ್ತಾಯ ಇಲ್ಲ. ಮನೆಯಲ್ಲಿ ಮಾಡುವುದು ಬಂದ ಮೇಲೆ "ಇನ್ನು ಬೇಕಾದಾಗ ಬನ್ನಿ ಸಾಕು" ಅಂದರು.

ಹೋಗುವವರು ಹಳೇ ಸ್ಕ್ಯಾನಿಂಗ್ ರಿಪೋರ್ಟ್, ಮಾತ್ರೆಯ ಚೀಟಿ ತಗೊಂಡು ಹೋಗಿ. ಸಡಿಲವಾದ ಬಟ್ಟೆ ಹಾಕಿಕೊಳ್ಳಿ. ಯಾವ ದಿನ, ಎಲ್ಲಿ, ಏನು ಮಾಡುವಾಗ ನೋವು ಅಂತ ಒಂದು ತಿಂಗಳದ್ದು ಬರೆದುಕೊಂಡಿದ್ದರೆ ಅವರಿಗೆ ಬಹಳ ಸಹಾಯ. ಇದ್ದಕ್ಕಿದ್ದ ಹಾಗೆ ತಡೆಯಲಾರದ ನೋವು, ವಾಂತಿ, ಜ್ವರ, ತಲೆ ಸುತ್ತಿ ಬೀಳುವುದು ಇದ್ದರೆ ಅಲ್ಲಿಗೆ ಹೋಗಬೇಡಿ. ಸಿಸ್ಟ್ ಒಡೆದಿರಬಹುದು, ಅಂಡಾಶಯ ತಿರುಚಿಕೊಂಡಿರಬಹುದು. ನೇರ ದೊಡ್ಡ ಆಸ್ಪತ್ರೆಗೆ ಹೋಗಿ, ರಾತ್ರಿಯಾದರೂ ಸರಿ.